ಬಾಲ್ಕನಿಯಲ್ಲಿದ್ದ ಖಾಲಿ ಪೆಟ್ಟಿಗೆ

ಹೊಸ ಟಿವಿ ಕೊಂಡ ಮೇಲೆ ಅದರ ರಟ್ಟಿನ ಪೆಟ್ಟಿಗೆಯನ್ನು ಕೂಡಲೇ ಎಸೆಯುವವರು ಕಡಿಮೆ. ವಾರಂಟಿ ಮುಗಿಯಲಿ, ಮನೆ ಬದಲಾಯಿಸುವಾಗ ಬೇಕಾದೀತು ಎಂದು ಅಟ್ಟದ ಮೇಲೋ ಬಾಲ್ಕನಿಯಲ್ಲೋ ಇಟ್ಟಿರುತ್ತೇವೆ. ಅಧ್ಯಕ್ಷೀಯ ಚುನಾವಣೆಯ ಫಲಿತಾಂಶ ಒಪ್ಪದೆ 2020ರಲ್ಲಿ ನಡೆದ ಪ್ರತಿಭಟನೆಗಳ ಬೆನ್ನಿಗೆ ಬಂದ ಚಳಿಗಾಲದಲ್ಲಿ ಬೆಲಾರಸ್ ರಾಜಧಾನಿ ಮಿನ್‌ಸ್ಕ್‌ನ ಒಬ್ಬ ನಿವಾಸಿಯೂ ಹಾಗೆಯೇ ಇಟ್ಟಿದ್ದ. ಪೆಟ್ಟಿಗೆಯ ಬಣ್ಣ ಬಿಳಿ, ಮೇಲೆ ಕೆಂಪು. ಪೊಲೀಸರು ಬಂದು ಅವನನ್ನು ಹಿಡಿದುಕೊಂಡು ಹೋದರು. ಅದೇ ಕಾಲದಲ್ಲಿ ಬಿಳಿ ಕೆಂಪು ಪಟ್ಟೆಯ ಕಾಲುಚೀಲ ಹಾಕಿಕೊಂಡು ಬೀದಿಯಲ್ಲಿ ನಡೆದ ಹೆಂಗಸೊಬ್ಬಳಿಗೆ ದಂಡ ಬಿತ್ತು. ಕಿಟಕಿಗೆ ಬಿಳಿ ಕೆಂಪು ಪರದೆ ಕಟ್ಟಿದವರಿಗೂ ಬಿತ್ತು. ಇಂಥ ಪ್ರಕರಣಗಳಲ್ಲಿ ಹೊರಿಸುತ್ತಿದ್ದ ಆರೋಪ ಸಾಮಾನ್ಯವಾಗಿ ಒಂದೇ: ಅನುಮತಿಯಿಲ್ಲದ ಪ್ರತಿಭಟನೆ.

ಕೇಳಿದರೆ ನಗು ಬರುತ್ತದೆ. ಹೊರಗಿನ ಪತ್ರಿಕೆಗಳೂ ಇವನ್ನು ವಿನೋದದ ಸುದ್ದಿಯಂತೆಯೇ ಬರೆದವು. ನನಗೆ ಮಾತ್ರ ಆ ದೇಶದ ಆಳ್ವಿಕೆ ಹೇಗೆ ನಡೆಯುತ್ತಿದೆ ಎಂಬುದು ದೊಡ್ಡ ವಿಚಾರಣೆಗಳಿಗಿಂತ ಈ ಪೆಟ್ಟಿಗೆಯಲ್ಲೇ ಚೆನ್ನಾಗಿ ಕಾಣುತ್ತದೆ. ವಿರೋಧ ಪಕ್ಷದ ನಾಯಕನನ್ನು ಜೈಲಿಗೆ ಹಾಕಿದರೆ ಉಳಿದವರು, "ಅವನು ರಾಜಕೀಯ ಮಾಡಿದ, ನಾನು ಮಾಡಿಲ್ಲ" ಎಂದುಕೊಂಡು ನಿದ್ದೆ ಮಾಡಬಹುದು. ಪೆಟ್ಟಿಗೆಯವನನ್ನು ಎಳೆದುಕೊಂಡು ಹೋದ ಮೇಲೆ ಆ ಸಮಾಧಾನವೂ ಉಳಿಯುವುದಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಕದಿಯದವನೂ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾನೆ.

ಬಣ್ಣದ ಕಥೆ ಸ್ವಲ್ಪ ಹಿಂದಿನದು. ಪ್ರತಿಭಟನಕಾರರು ಹಿಡಿದ ಬಿಳಿ, ಕೆಂಪು, ಬಿಳಿ ಪಟ್ಟೆಗಳ ಬಾವುಟ 1918ರಲ್ಲಿ ಅಲ್ಪಕಾಲ ಬಾಳಿದ ಬೆಲಾರಸ್ ಗಣರಾಜ್ಯದ್ದು. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದಾಗ ಅದೇ ಮತ್ತೆ ದೇಶದ ಅಧಿಕೃತ ಬಾವುಟವಾಯಿತು. 1994ರಲ್ಲಿ ಅಲೆಕ್ಸಾಂಡರ್ ಲುಕಶೆಂಕೊ ಅಧ್ಯಕ್ಷರಾದರು. ಮರುವರ್ಷ ಮೇ ತಿಂಗಳಲ್ಲಿ ಜನಮತಗಣನೆ ನಡೆಸಿ ಆ ಬಾವುಟವನ್ನು ಕೆಳಗಿಳಿಸಿ, ಸೋವಿಯತ್ ಕಾಲದ್ದನ್ನೇ ಹೋಲುವ ಕೆಂಪು ಹಸಿರು ಬಾವುಟ ತಂದರು. ರಷ್ಯನ್ ಭಾಷೆಗೂ ಬೆಲರೂಸಿಯನ್‌ಗೂ ಸಮಾನ ಸ್ಥಾನ ಸಿಕ್ಕಿದ್ದು ಅದೇ ಜನಮತಗಣನೆಯಲ್ಲಿ. ಕಾಗದದ ಮೇಲಷ್ಟೇ ಸಮಾನ. 2019ರ ಜನಗಣತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಬೆಲರೂಸಿಯನ್ ತಮ್ಮ ಮಾತೃಭಾಷೆ ಎಂದು ಬರೆಸಿದ್ದರೂ ಮನೆಯಲ್ಲಿ ಅದನ್ನು ಆಡುವವರು ಕಾಲುಭಾಗದಷ್ಟು. ಮಿನ್‌ಸ್ಕ್‌ನ ಅಂಗಡಿಯಲ್ಲಿ ಯಾರಾದರೂ ಬೆಲರೂಸಿಯನ್‌ನಲ್ಲಿ ಮಾತಾಡಿಸಿದರೆ, "ಇವರು ಆ ಕಡೆಯವರು" ಎಂಬ ಗುಮಾನಿ. ತನ್ನ ದೇಶದಲ್ಲಿ ತನ್ನ ನುಡಿಯಾಡಿದರೆ ರಾಜಕೀಯ ಎನಿಸಿಕೊಳ್ಳುವ ಈ ವಿಚಿತ್ರವನ್ನು ಕನ್ನಡದವರಿಗೆ ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ.

ಬಿಳಿ ಕೆಂಪು ಬಾವುಟವನ್ನು ಎರಡನೇ ಮಹಾಯುದ್ಧದಲ್ಲಿ ನಾಜಿಗಳ ಜೊತೆ ಸೇರಿದ ಕೆಲವರು ಬಳಸಿದ್ದರು ಎಂಬುದು ಸರ್ಕಾರದ ವಾದ. ಬಳಸಿದ್ದು ನಿಜ. ಆದರೆ 1991ರಿಂದ 1995ರವರೆಗೆ ಅದೇ ಬಾವುಟ ಸರ್ಕಾರಿ ಕಟ್ಟಡಗಳ ಮೇಲೆ ಹಾರುತ್ತಿತ್ತು, ಲುಕಶೆಂಕೊ ಮೊದಲ ಸಲ ಪ್ರಮಾಣವಚನ ತೆಗೆದುಕೊಂಡದ್ದೂ ಅದು ದೇಶದ ಬಾವುಟವಾಗಿದ್ದಾಗಲೇ ಎಂಬುದೂ ಅಷ್ಟೇ ನಿಜ. 2022ರ ಕೊನೆಗೆ ‘ಝಿವೆ ಬೆಲಾರಸ್’ ಎಂಬ ಘೋಷಣೆ ಕೂಡ ನಾಜಿ ಚಿಹ್ನೆಗಳ ಪಟ್ಟಿ ಸೇರಿತು. ‘ಬಾಳಲಿ ಬೆಲಾರಸ್’ ಎಂದು ಅದರ ಅರ್ಥ.

ಚಪ್ಪಾಳೆಯಿಂದ ಶುರುವಾದದ್ದು

ಇದೆಲ್ಲ 2020ರಲ್ಲಿ ಏಕಾಏಕಿ ಬಂದದ್ದೆಂದು ಎಷ್ಟೋ ಜನ ತಿಳಿದಿದ್ದಾರೆ. ಇಲ್ಲ. 2011ರ ಬೇಸಿಗೆಯಲ್ಲಿ, ಹಣದ ಬೆಲೆ ಕುಸಿದು ಜನ ಕಂಗಾಲಾಗಿದ್ದಾಗ, ಸಾಮಾಜಿಕ ಜಾಲತಾಣದಲ್ಲಿ ಹೊಸ ಬಗೆಯ ಪ್ರತಿಭಟನೆ ಹುಟ್ಟಿತು. ಘೋಷಣೆ ಬೇಡ, ಬ್ಯಾನರ್ ಬೇಡ. ವಾರಕ್ಕೊಂದು ಸಂಜೆ ಚೌಕದಲ್ಲಿ ಸುಮ್ಮನೆ ನಿಲ್ಲುವುದು, ಚಪ್ಪಾಳೆ ತಟ್ಟುವುದು, ಮನೆಗೆ ಹೋಗುವುದು. ಚಪ್ಪಾಳೆಗೆ ಯಾವ ಕಾನೂನು ಹಚ್ಚಲು ಸಾಧ್ಯ ಎಂಬುದು ಯುವಕರ ಲೆಕ್ಕಾಚಾರ.

ಹಚ್ಚಿದರು. ಚಪ್ಪಾಳೆ ತಟ್ಟಿದವರನ್ನು ನೂರುಗಟ್ಟಲೆ ಹಿಡಿದರು. ಗ್ರೋಡ್ನೋ ನಗರದಲ್ಲಿ ಹೀಗೆ ಸಿಕ್ಕಿಬಿದ್ದವರಲ್ಲಿ ಒಬ್ಬನಿಗೆ ಇದ್ದದ್ದು ಒಂದೇ ಕೈ. ಅವನೂ ಚಪ್ಪಾಳೆ ತಟ್ಟಿದ ಎಂದು ಕೇಸು, ದಂಡ. 2013ರಲ್ಲಿ ಇಗ್ ನೊಬೆಲ್ ಎಂಬ ತಮಾಷೆಯ ಬಹುಮಾನ ಕೊಡುವವರು ಆ ವರ್ಷದ ಶಾಂತಿ ಪ್ರಶಸ್ತಿಯನ್ನು ಲುಕಶೆಂಕೊ ಮತ್ತು ಬೆಲಾರಸ್ ಪೊಲೀಸರಿಗೆ ಹಂಚಿದ್ದು ಇದಕ್ಕಾಗಿಯೇ.

ತಮಾಷೆಯ ಹಿಂದೆ ಸರಿದುಹೋದ ಒಂದು ಸಂಗತಿ ಇದೆ. ಚಪ್ಪಾಳೆಯ ವರ್ಷವೇ, 2011ರಲ್ಲಿ, ಸಭೆ ಮೆರವಣಿಗೆಗಳ ಕಾನೂನಿಗೆ ತಿದ್ದುಪಡಿ ಬಂತು. ಮೊದಲೇ ಗೊತ್ತುಮಾಡಿಕೊಂಡು ಜನ ಸಾರ್ವಜನಿಕ ಜಾಗದಲ್ಲಿ ಸೇರಿ ಏನಾದರೂ ‘ಕ್ರಿಯೆ’ ನಡೆಸಿದರೂ, ‘ನಿಷ್ಕ್ರಿಯೆ’ಯಲ್ಲಿ ತೊಡಗಿದರೂ ಅನುಮತಿ ಬೇಕು. ಅಂದರೆ ಏನೂ ಮಾಡದೆ ನಿಲ್ಲುವುದಕ್ಕೂ ಅರ್ಜಿ ಹಾಕಬೇಕು. ಕಾನೂನು ಬರೆದವನು ಮೂರ್ಖನಿರಲಿಲ್ಲ. ಯಾರನ್ನು, ಯಾವಾಗ ಬೇಕಾದರೂ ಹಿಡಿಯುವಷ್ಟು ಅಗಲದ ಬಲೆ ಬೇಕು ಎಂದು ಅವನಿಗೆ ಗೊತ್ತಿತ್ತು. ಬಲೆ ಅಗಲವಾದಷ್ಟೂ ಅದರಲ್ಲಿ ಯಾರು ಸಿಗುತ್ತಾರೆ ಎಂಬುದನ್ನು ಕಾನೂನು ಹೇಳುವುದಿಲ್ಲ, ಬಲೆ ಹಿಡಿದವನು ಹೇಳುತ್ತಾನೆ.

ವಠಾರದ ಚಹಾ

2020ರ ಆಗಸ್ಟ್ 9ರಂದು ಚುನಾವಣೆ. ಲುಕಶೆಂಕೊಗೆ ಶೇ 80.1, ಎದುರಾಳಿ ಸ್ವೆತ್ಲಾನಾ ತಿಖಾನೋವ್ಸ್ಕಯಾಗೆ ಶೇ 10.1 ಎಂದು ಅಧಿಕೃತ ಫಲಿತಾಂಶ. ಗಂಡ ಸೆರ್ಗೆಯ್ ಜೈಲಿನಲ್ಲಿದ್ದುದರಿಂದ ಅವನ ಬದಲಿಗೆ ನಿಂತ ಗೃಹಿಣಿ ಆಕೆ. ಆ ರಾತ್ರಿಯಿಂದ ಮೂರು ದಿನ ದೇಶದಲ್ಲಿ ಇಂಟರ್ನೆಟ್ ಹೆಚ್ಚುಕಡಿಮೆ ಸತ್ತಿತ್ತು. ಮೊದಲ ನಾಲ್ಕು ದಿನಗಳಲ್ಲೇ ಆರು ಸಾವಿರಕ್ಕೂ ಹೆಚ್ಚು ಜನರನ್ನು ಹಿಡಿದರು, ವರ್ಷದ ಕೊನೆಗೆ ಬಂಧನಗಳ ಲೆಕ್ಕ 30,000 ದಾಟಿತು. ಅಲ್ಲಿನ ಒಟ್ಟು ಜನಸಂಖ್ಯೆ ಬೆಂಗಳೂರಿಗಿಂತ ಕಡಿಮೆ ಎಂಬುದನ್ನು ನೆನಪಿಟ್ಟು ಈ ಸಂಖ್ಯೆಯನ್ನು ಓದಬೇಕು.

ಬೀದಿ ಮೆರವಣಿಗೆಗಳ ಚಿತ್ರಗಳನ್ನು ಎಲ್ಲರೂ ನೋಡಿದ್ದೇವೆ. ನನಗೆ ಹೆಚ್ಚು ಮುಖ್ಯ ಎನಿಸುವುದು ವಠಾರಗಳಲ್ಲಿ ನಡೆದದ್ದು. ಮಿನ್‌ಸ್ಕ್ ಎಂದರೆ ಸಾಲುಸಾಲು ಎತ್ತರದ ಅಪಾರ್ಟ್‌ಮೆಂಟುಗಳು, ನಡುವೆ ಮಕ್ಕಳ ಆಟದ ಅಂಗಳ. ವರ್ಷಗಟ್ಟಲೆ ಲಿಫ್ಟಿನಲ್ಲಿ ಮುಖ ನೋಡಿಯೂ ಮಾತಾಡದವರು ಆ ಶರತ್ಕಾಲದಲ್ಲಿ ಟೆಲಿಗ್ರಾಂ ಗುಂಪು ಕಟ್ಟಿಕೊಂಡರು. ಸಂಜೆ ಫ್ಲಾಸ್ಕಿನಲ್ಲಿ ಚಹಾ, ಮನೆಯಲ್ಲಿ ಸುಟ್ಟ ಪೈ, ಗಿಟಾರ್. ನೀರಿನ ಟ್ಯಾಂಕರ್ ಬಂತಾ, ಪಾರ್ಕಿಂಗಿನಲ್ಲಿ ಯಾರ ಗಾಡಿ ಎಂದು ಕೇಳುವ ನಮ್ಮ ಅಪಾರ್ಟ್‌ಮೆಂಟ್ ವಾಟ್ಸ್ಆ್ಯಪ್ ಗುಂಪುಗಳಿದ್ದಂತೆಯೇ. ವ್ಯತ್ಯಾಸ ಇಷ್ಟೇ, ಅಲ್ಲಿ ಬೇಲಿಗೆ ಬಿಳಿ ಕೆಂಪು ರಿಬ್ಬನ್ ಯಾರು ಕಟ್ಟುತ್ತೀರಿ ಎಂದೂ ಕೇಳುತ್ತಿದ್ದರು.

ಒಂದು ಅಂಗಳದಲ್ಲಿದ್ದ ಪುಟ್ಟ ಕಟ್ಟಡದ ಗೋಡೆಯ ಮೇಲೆ ಇಬ್ಬರು ಯುವಕರ ಚಿತ್ರ ಮೂಡಿತು. ಚುನಾವಣೆಗೆ ಮೂರು ದಿನ ಮುಂಚೆ ಸರ್ಕಾರಿ ಕಾರ್ಯಕ್ರಮವೊಂದರಲ್ಲಿ ಬದಲಾವಣೆ ಬೇಕೆಂದು ಕೂಗುವ ಹಳೆಯ ರಾಕ್ ಹಾಡು ಹಾಕಿಬಿಟ್ಟು ಹತ್ತು ದಿನ ಒಳಗೆ ಹೋದ ಸೌಂಡ್ ಆಪರೇಟರುಗಳು ಅವರು. ನಗರಪಾಲಿಕೆಯವರು ಹಗಲು ಬಂದು ಬಣ್ಣ ಬಳಿದು ಹೋಗುತ್ತಿದ್ದರು, ನಿವಾಸಿಗಳು ರಾತ್ರಿ ಮತ್ತೆ ಬರೆಯುತ್ತಿದ್ದರು. ಮತ್ತೆ ಬಳಿಯುವುದು, ಮತ್ತೆ ಬರೆಯುವುದು. ಅಂಗಳಕ್ಕೆ ‘ಬದಲಾವಣೆಯ ಚೌಕ’ ಎಂಬ ಹೆಸರೇ ನಿಂತಿತು. ನವೆಂಬರ್ 11ರ ರಾತ್ರಿ ಮುಸುಕು ಹಾಕಿದ ಕೆಲವರು ರಿಬ್ಬನ್ ಕೀಳಲು ಬಂದರು. ಅಲ್ಲೇ ವಾಸವಿದ್ದ 31ರ ರಾಮನ್ ಬೊಂಡರೆಂಕೊ ಗುಂಪಿನಲ್ಲಿ "ನಾನು ಹೊರಗೆ ಬರ್ತಿದ್ದೀನಿ" ಎಂದು ಬರೆದು ಕೆಳಗಿಳಿದ. ಮಾರನೆಯ ದಿನ ಆಸ್ಪತ್ರೆಯಲ್ಲಿ ತಲೆಯ ಗಾಯದಿಂದ ಸತ್ತ. ಅವನು ಕುಡಿದಿದ್ದ ಎಂದಿತು ಸರ್ಕಾರ. ರಕ್ತದಲ್ಲಿ ಮದ್ಯದ ಅಂಶವೇ ಇರಲಿಲ್ಲ ಎಂದು ತಿಳಿಸಿದ ವೈದ್ಯ ಮತ್ತು ಅದನ್ನು ಬರೆದ ಪತ್ರಕರ್ತೆ ಇಬ್ಬರಿಗೂ ಶಿಕ್ಷೆಯಾಯಿತು. ಹೊಡೆದವರಿಗೆ ಆಗಲಿಲ್ಲ.

ಮುಂದಿನ ವರ್ಷಗಳಲ್ಲಿ ಈ ವಠಾರದ ಟೆಲಿಗ್ರಾಂ ಗುಂಪುಗಳು ಒಂದೊಂದಾಗಿ ‘ಉಗ್ರವಾದಿ’ ಪಟ್ಟಿ ಸೇರಿದವು, ಗುಂಪು ನಡೆಸಿದವರು ಜೈಲು ಸೇರಿದರು. ಪಕ್ಷ, ಪತ್ರಿಕೆಗಳನ್ನು ಮುಚ್ಚುವ ಸರ್ವಾಧಿಕಾರ ನಮಗೆ ಗೊತ್ತು. ನೆರೆಹೊರೆಯವರ ಪರಿಚಯವನ್ನೇ ಮುರಿಯುವ ಸರ್ವಾಧಿಕಾರ ಇನ್ನೊಂದು ಜಾತಿಯದು. ಪಕ್ಷವನ್ನು ಮತ್ತೆ ಕಟ್ಟಬಹುದು. ಲಿಫ್ಟಿನಲ್ಲಿ ಸಿಕ್ಕವರಿಗೆ ನಮಸ್ಕಾರ ಹೇಳುವ ಮುಂಚೆ ಒಂದು ಕ್ಷಣ ಯೋಚಿಸುವ ಅಭ್ಯಾಸ ಬಂದುಬಿಟ್ಟರೆ ಅದನ್ನು ಬಿಡಿಸುವುದು ಕಷ್ಟ.

ನಿನ್ನೆ ಓದಿದ್ದು

ಈಗ ಈ ಯಂತ್ರದ ನಿಜವಾದ ಕೀಲಿಗೆ ಬರೋಣ. ಅದು ಕಾಲವನ್ನು ಹಿಂದಕ್ಕೆ ತಿರುಗಿಸುವುದು.

ಬೆಲಾರಸ್‌ನಲ್ಲಿ ‘ಉಗ್ರವಾದಿ ಸಾಮಗ್ರಿ’ಗಳ ಒಂದು ಪಟ್ಟಿ ಇದೆ. ಯಾವುದಾದರೊಂದು ಊರಿನ ನ್ಯಾಯಾಲಯ ತೀರ್ಪು ಕೊಡುತ್ತದೆ, ಪಟ್ಟಿಗೆ ಒಂದು ಸಾಲು ಸೇರುತ್ತದೆ. ಟೆಲಿಗ್ರಾಂ ಚಾನೆಲ್‌ಗಳು, ಪುಸ್ತಕಗಳು, ಯೂಟ್ಯೂಬ್ ಪುಟಗಳು, ಸುದ್ದಿತಾಣಗಳು. ನೂರಾರು ಪುಟದ ಪಟ್ಟಿ, ನಿಂತ ದಿನವಿಲ್ಲ. 2020ರ ಅಕ್ಟೋಬರ್‌ನಲ್ಲಿ ಪ್ರತಿಭಟನೆಯ ಸುದ್ದಿ ಕೊಡುತ್ತಿದ್ದ ನೆಕ್ಸ್ತಾ ಚಾನೆಲ್ ಸೇರಿತು, ಅದರ ಲೋಗೊ ಸಮೇತ. 2021ರ ಆಗಸ್ಟ್‌ನಲ್ಲಿ ತುತ್ ಬೈ ಸೇರಿತು. ಇದು ದೇಶದ ಅತಿ ಹೆಚ್ಚು ಓದುಗರಿದ್ದ ಸುದ್ದಿತಾಣ. ಹವಾಮಾನ, ಕರೆನ್ಸಿ ದರ, ಅಪಘಾತ, ಸಿನಿಮಾ ಎಲ್ಲವನ್ನೂ ಜನ ಅಲ್ಲೇ ನೋಡುತ್ತಿದ್ದರು. ಇಪ್ಪತ್ತು ವರ್ಷ ಓದಿದ್ದಾರೆ, ಹಂಚಿಕೊಂಡಿದ್ದಾರೆ, ಲೈಕ್ ಒತ್ತಿದ್ದಾರೆ. ಪಟ್ಟಿಗೆ ಸೇರಿದ ದಿನ ಆ ಹಳೆಯದೆಲ್ಲ ಅಪರಾಧದ ಸಾಕ್ಷಿಯಾಯಿತು. ಹಂಚಿಕೊಂಡ ದಿನ ಅದು ಕಾನೂನುಬದ್ಧವಾಗಿತ್ತಲ್ಲ ಎಂದರೆ, ನಿಮ್ಮ ಪುಟದಲ್ಲಿ ಈಗಲೂ ಇದೆಯಲ್ಲ ಎಂಬ ಉತ್ತರ. ಆಡಳಿತಾತ್ಮಕ ಅಪರಾಧಗಳ ಸಂಹಿತೆಯ 19.11ನೇ ಕಲಂ ಪ್ರಕಾರ ದಂಡ ಇಲ್ಲವೇ ಬಂಧನ.

ಅಲ್ಲಿನವರು ಈ ಚಿಕ್ಕ ಬಂಧನವನ್ನು ‘ಸುತ್ಕಿ’ ಲೆಕ್ಕದಲ್ಲಿ ಹೇಳುತ್ತಾರೆ. ಒಂದು ಸುತ್ಕಿ ಎಂದರೆ ಒಂದು ಹಗಲು, ಒಂದು ರಾತ್ರಿ. "ಅವನಿಗೆ ಹದಿನೈದು ಸಿಕ್ತು" ಎಂದರೆ ಎಲ್ಲರಿಗೂ ಅರ್ಥವಾಗುತ್ತದೆ. ಮಫ್ತಿಯಲ್ಲಿ ಬರುವ ಪೊಲೀಸರಿಗೆ ‘ತಿಖಾರಿ’ ಎನ್ನುತ್ತಾರೆ, ಸದ್ದಿಲ್ಲದವರು ಎಂದು. ನಂಬರ್ ಪ್ಲೇಟಿಲ್ಲದೆ ಬಂದು ನಿಲ್ಲುವ ಮಿನಿಬಸ್ಸು ‘ಬುಸಿಕ್’. ಗುಂಪು ಸೇರಿ ಶಾಂತಿ ಕದಡಿದ ಆರೋಪದ ಕ್ರಿಮಿನಲ್ ಕಲಂ 342, ಅಷ್ಟೊಂದು ಜನರ ಮೇಲೆ ಬಿದ್ದದ್ದರಿಂದ, ‘ಜನರ ಕಲಂ’ ಎಂದೇ ಹೆಸರಾಗಿದೆ. ಮನೆಯಲ್ಲೇ ಕಳೆಯುವ ಶಿಕ್ಷೆಗೆ ‘ಮನೆ ಕೆಮಿಸ್ಟ್ರಿ’ ಎನ್ನುತ್ತಾರೆ. ಸೋವಿಯತ್ ಕಾಲದಲ್ಲಿ ಕೈದಿಗಳನ್ನು ರಾಸಾಯನಿಕ ಕಾರ್ಖಾನೆಗಳಿಗೆ ದುಡಿಯಲು ಕಳಿಸುತ್ತಿದ್ದುದರ ನೆನಪು ಆ ಪದದಲ್ಲಿದೆ. ಶಿಕ್ಷೆಗೂ ಹೊಡೆತಕ್ಕೂ ಇಷ್ಟು ಸಲೀಸಾದ ಆಡುಮಾತು ಹುಟ್ಟಿದೆ ಎಂದರೆ ಅವು ಎಷ್ಟು ಮನೆಗಳೊಳಗೆ ಹೋಗಿ ಬಂದಿರಬೇಕು.

ಹೀಗೆ ಹಿಂದಕ್ಕೆ ಹೋಗುವ ಕಾನೂನು ಫೋನನ್ನೇ ಸಾಕ್ಷಿಯನ್ನಾಗಿ ಮಾಡಿತು. ಹಳೆಯ ಕಾಲದ ಗೂಢಚಾರ ನಿಮ್ಮ ಮಾತು ಕೇಳಿ ವರದಿ ಬರೆಯಬೇಕಿತ್ತು. ಈಗ ನೀವೇ ಬರೆದಿಟ್ಟಿದ್ದೀರಿ, ಅದೂ ದಿನಾಂಕ, ಗಂಟೆ, ನಿಮಿಷದ ಸಮೇತ. ಪೋಲೆಂಡ್ ಅಥವಾ ಲಿಥುವೇನಿಯಾದಿಂದ ಮನೆಗೆ ಮರಳುವವರಿಗೆ ಗಡಿಯಲ್ಲಿ "ಫೋನ್ ಕೊಡಿ, ಲಾಕ್ ತೆಗೆಯಿರಿ" ಎನ್ನುತ್ತಾರೆ. ಹಾಗಾಗಿ ಊರಿಗೆ ಹೊರಡುವ ಮುನ್ನ ಅಳಿಸುವುದು ಒಂದು ಕೆಲಸ. ಚಾನೆಲ್‌ಗಳಿಂದ ಹೊರಬರುವುದು, ಹಳೆಯ ಚಿತ್ರಗಳನ್ನು ತೆಗೆಯುವುದು, 2020ರ ಆಗಸ್ಟಿನ ಯಾವ ಸೆಲ್ಫಿಯಲ್ಲೂ ಬಿಳಿ ಕೆಂಪು ಮೂಲೆಯಲ್ಲಿ ಇಣುಕುತ್ತಿಲ್ಲ ಎಂದು ಖಾತ್ರಿ ಮಾಡಿಕೊಳ್ಳುವುದು. ಎಷ್ಟೋ ಜನ ಇದಕ್ಕೆಂದೇ ಇನ್ನೊಂದು ‘ಸ್ವಚ್ಛ’ ಫೋನ್ ಇಟ್ಟುಕೊಳ್ಳುತ್ತಾರೆ. ಆದರೆ ತೀರಾ ಸ್ವಚ್ಛವಾಗಿದ್ದರೆ ಅದೂ ಅನುಮಾನಕ್ಕೆ ಕಾರಣ. ಆದ್ದರಿಂದ ಬೆಕ್ಕು, ಅಡುಗೆ, ಮಕ್ಕಳ ಚಿತ್ರ ಬೇಕಾದಷ್ಟು ಇರಬೇಕು.

2021ರ ಸೆಪ್ಟೆಂಬರ್ 28ರಂದು ಮಿನ್‌ಸ್ಕ್‌ನ ಒಂದು ಫ್ಲ್ಯಾಟಿಗೆ ಕೆಜಿಬಿ ನುಗ್ಗಿದಾಗ ಗುಂಡಿನ ಚಕಮಕಿ ನಡೆದು, ಒಳಗಿದ್ದ ಐಟಿ ಉದ್ಯೋಗಿ ಮತ್ತು ಒಬ್ಬ ಅಧಿಕಾರಿ ಇಬ್ಬರೂ ಸತ್ತರು. (ಹೌದು, ಬೆಲಾರಸ್‌ನಲ್ಲಿ ಆ ಸಂಸ್ಥೆಗೆ ಇಂದಿಗೂ ಕೆಜಿಬಿ ಎಂದೇ ಹೆಸರು.) ಅದರ ಬಗ್ಗೆ ಜಾಲತಾಣದಲ್ಲಿ ಕಮೆಂಟ್ ಬರೆದ ಕಾರಣಕ್ಕೆ ಸುಮಾರು 200 ಜನರನ್ನು ಹಿಡಿದರು. ಕೆಲವರು ಬರೆದದ್ದು ನಾಲ್ಕೈದು ಪದ.

ಕೆಲಸ, ಸಹಿ, ಅಕ್ಕಿಬೇಳೆ

ಜೈಲಿಗೆ ಹೋದವರ ಲೆಕ್ಕವನ್ನು ಮಾನವ ಹಕ್ಕುಗಳ ಸಂಘಟನೆಗಳು ಇಡುತ್ತವೆ. ಕೆಲಸ ಹೋದವರ ಲೆಕ್ಕ ಯಾರ ಬಳಿಯೂ ಸರಿಯಾಗಿ ಇಲ್ಲ. ನನ್ನ ದೃಷ್ಟಿಯಲ್ಲಿ ಅದೇ ಹೆಚ್ಚು ಜನರನ್ನು ಸುಮ್ಮನಾಗಿಸಿದ ಅಸ್ತ್ರ.

ಬೆಲಾರಸ್‌ನಲ್ಲಿ ಕಾರ್ಖಾನೆ, ಆಸ್ಪತ್ರೆ, ಶಾಲೆ, ಕೃಷಿ ಕ್ಷೇತ್ರಗಳ ಬಹುಪಾಲು ಸರ್ಕಾರದ್ದೇ. 1999ರಲ್ಲಿ ಬಂದ ಅಧ್ಯಕ್ಷರ 29ನೇ ಆದೇಶ ಕಾಯಂ ನೌಕರಿಯ ಜಾಗದಲ್ಲಿ ನಿಗದಿತ ಅವಧಿಯ ಕರಾರನ್ನು ತಂದಿತು. ಅವಧಿ ಸಾಮಾನ್ಯವಾಗಿ ಒಂದು ವರ್ಷ. ಯಾರನ್ನೂ ವಜಾ ಮಾಡಬೇಕಿಲ್ಲ, ಕಾರಣ ಹೇಳಬೇಕಿಲ್ಲ. ಕರಾರು ಮುಗಿಯಿತು, ಮುಂದುವರಿಸುತ್ತಿಲ್ಲ, ಅಷ್ಟೇ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಬೇರೆ ಕಡೆ ಅರ್ಜಿ ಹಾಕಿದರೆ ಹಿಂದಿನ ಕಚೇರಿಯಿಂದ ನಡತೆಯ ಪತ್ರ ಕೇಳುತ್ತಾರೆ, ಅದರಲ್ಲಿ ಏನಿರುತ್ತದೆ ಎಂಬುದು ಇಬ್ಬರಿಗೂ ಗೊತ್ತು.

ಯಾರ ಕರಾರು ನಿಲ್ಲಿಸಬೇಕು ಎಂದು ತಿಳಿಯುವುದು ಹೇಗೆ? ಇದಕ್ಕೂ ಜನರೇ ಪಟ್ಟಿ ಬರೆದುಕೊಟ್ಟಿದ್ದರು. ಅಧ್ಯಕ್ಷ ಸ್ಥಾನಕ್ಕೆ ನಿಲ್ಲಬೇಕಾದರೆ ಅಭ್ಯರ್ಥಿ ಒಂದು ಲಕ್ಷ ಮತದಾರರ ಸಹಿ ತರಬೇಕು. 2020ರ ಮೇ, ಜೂನ್‌ನಲ್ಲಿ ಮಾಜಿ ಬ್ಯಾಂಕರ್ ವಿಕ್ಟರ್ ಬಬಾರಿಕೊ ಮತ್ತು ತಿಖಾನೋವ್ಸ್ಕಯಾ ಪರ ಸಹಿ ಹಾಕಲು ಜನ ಗಂಟೆಗಟ್ಟಲೆ ಸಾಲು ನಿಂತರು. ಹೆಸರು, ವಿಳಾಸ, ಪಾಸ್‌ಪೋರ್ಟ್ ನಂಬರ್ ಎಲ್ಲ ಬರೆದು, ಕಾನೂನು ಹೇಳಿದಂತೆಯೇ. ಆ ಹಾಳೆಗಳು ಹೋಗಿದ್ದು ಚುನಾವಣಾ ಆಯೋಗಕ್ಕೆ. ವರ್ಷ ಎರಡು ವರ್ಷ ಕಳೆದ ಮೇಲೆ ಸಹಿ ಹಾಕಿದ ಶಿಕ್ಷಕಿ, ನರ್ಸ್, ಎಂಜಿನಿಯರುಗಳಿಗೆ ಕರಾರು ಮುಂದುವರಿಯುತ್ತಿಲ್ಲ ಎಂಬ ಪತ್ರ ಬರತೊಡಗಿತು. ಕಾನೂನು ಮುರಿದವರಿಗೆ ಶಿಕ್ಷೆಯಾಗುವುದು ಒಂದು. ಕಾನೂನು ಹೇಳಿದಂತೆ ನಡೆದದ್ದೇ ಗುರುತಾಗಿ ಉಳಿಯುವುದು ಇನ್ನೊಂದು, ಅದರಿಂದ ಮುಂದಿನ ಸಲ ಪೆನ್ನು ಹಿಡಿಯುವ ಕೈ ತಾನಾಗಿ ಹಿಂದೆ ಸರಿಯುತ್ತದೆ.

ಕೆಲಸ ಹೋದವನನ್ನು ಇನ್ನೊಂದು ಕಾನೂನು ಕಾಯುತ್ತಿರುತ್ತದೆ. 2015ರ ಆದೇಶವೊಂದು ವರ್ಷದಲ್ಲಿ ಅರ್ಧಕ್ಕಿಂತ ಹೆಚ್ಚು ಕಾಲ ಕೆಲಸವಿಲ್ಲದವರ ಮೇಲೆ ತೆರಿಗೆ ಹಾಕಿತು. ಜನ ಅದನ್ನು ‘ಸೋಮಾರಿ ತೆರಿಗೆ’ ಎಂದು ಕರೆದು 2017ರಲ್ಲಿ ಬೀದಿಗಿಳಿದ ಮೇಲೆ ರೂಪ ಬದಲಾಯಿತು. ಈಗ ದುಡಿಯದವರು ಬಿಸಿನೀರು, ಕೋಣೆ ಬೆಚ್ಚಗಿಡುವ ಶಾಖ, ಗ್ಯಾಸಿಗೆ ಸಬ್ಸಿಡಿಯಿಲ್ಲದ ಪೂರ್ತಿ ಬೆಲೆ ಕೊಡಬೇಕು. ಸೊನ್ನೆಗಿಂತ ಕೆಳಗೆ ಇಳಿಯುವ ಚಳಿಗಾಲದಲ್ಲಿ ಇದು ಸಣ್ಣ ಮಾತಲ್ಲ.

ಇನ್ನು ಸಹಾಯ ಮಾಡುವವರ ಸರದಿ. 2020ರಲ್ಲಿ ದಂಡ ಬಿದ್ದವರಿಗೆಂದು ಫೇಸ್‌ಬುಕ್ ಮೂಲಕ ಐದು ಹತ್ತು ಡಾಲರ್ ಕಳಿಸಿದ್ದವರನ್ನು ವರ್ಷಗಳ ನಂತರ ಕೆಜಿಬಿ ಕರೆಸಿತು. ಕೊಟ್ಟದ್ದಕ್ಕಿಂತ ಹಲವು ಪಟ್ಟು ಹಣವನ್ನು ಸರ್ಕಾರ ಹೇಳಿದ ಆಸ್ಪತ್ರೆಗೋ ಅನಾಥಾಲಯಕ್ಕೋ ‘ಸ್ವಇಚ್ಛೆಯಿಂದ’ ಕಟ್ಟಿ, ಇಲ್ಲವಾದರೆ ಕೇಸು. 2024ರ ಜನವರಿ 23ರಂದು ಇದು ಇನ್ನೂ ಕೆಳಗಿಳಿಯಿತು. ಕೈದಿಗಳ ಕುಟುಂಬಗಳಿಗೆ ದಿನಸಿ ಕಳಿಸುತ್ತಿದ್ದ ಜಾಲವೊಂದನ್ನು ಉಗ್ರವಾದಿ ಎಂದು ಸಾರಿದ್ದರು, ಆ ದಿನ ದೇಶದಾದ್ಯಂತ ಅದರಿಂದ ಸಹಾಯ ಪಡೆದವರ ಮನೆಗಳ ಮೇಲೆ ದಾಳಿ ನಡೆಯಿತು. ವಿಚಾರಣೆಗೆ ಸಿಕ್ಕವರಲ್ಲಿ ಹೆಚ್ಚಿನವರು ಜೈಲಿನಲ್ಲಿದ್ದವರ ತಾಯಂದಿರು, ಹೆಂಡತಿಯರು, ಬಿಡುಗಡೆಯಾಗಿ ಬಂದಿದ್ದ ಹಳೆಯ ಕೈದಿಗಳು. ಬಾಗಿಲಿಗೆ ಬಂದ ಎಣ್ಣೆ, ಧಾನ್ಯ, ಚಹಾಪುಡಿಯ ಚೀಲ ಪರವಾನಗಿಯಿಲ್ಲದ ವಿದೇಶಿ ನೆರವಾಯಿತು.

ನಮ್ಮ ಹಳ್ಳಿಗಳಲ್ಲಿ ಮನೆಯ ಯಜಮಾನ ಜೈಲಿಗೆ ಹೋದರೆ, ಅವನು ಎಂಥವನೇ ಆಗಿರಲಿ, ಪಕ್ಕದ ಮನೆಯವರು ಮಕ್ಕಳಿಗೆ ಒಂದು ಹೊತ್ತು ಉಣ್ಣಲಿಕ್ಕಿಡುತ್ತಾರೆ. ಬೆಲಾರಸ್‌ನ ಹಳ್ಳಿಗಳಲ್ಲೂ ಹಾಗೇ ಇದ್ದಿರಬೇಕು. ಆ ತುತ್ತಿಗೂ ಕಲಂ ಹುಡುಕಿದ್ದಾರೆ.

ಯಾರಿಗೆ ತಟ್ಟುವುದಿಲ್ಲ

ಇಷ್ಟೆಲ್ಲ ಓದಿದವರಿಗೆ ಅಲ್ಲಿ ಜನ ಸದಾ ನಡುಗುತ್ತ ಬದುಕುತ್ತಿದ್ದಾರೆ ಎನಿಸಬಹುದು. ಹಾಗೆ ಬರೆದರೆ ತಪ್ಪಾಗುತ್ತದೆ. ಮಿನ್‌ಸ್ಕ್‌ನ ರಸ್ತೆಗಳು ಚೊಕ್ಕ, ಮೆಟ್ರೊ ವೇಳೆಗೆ ಸರಿಯಾಗಿ ಓಡುತ್ತದೆ, ಕೆಫೆಗಳು ತುಂಬಿರುತ್ತವೆ. ಲುಕಶೆಂಕೊಗೆ ನಿಜವಾದ ಬೆಂಬಲಿಗರೂ ಇದ್ದಾರೆ, ವಯಸ್ಸಾದವರಲ್ಲಿ, ಚಿಕ್ಕ ಊರುಗಳಲ್ಲಿ. ಸಮಯಕ್ಕೆ ಪಿಂಚಣಿ ಬರುತ್ತದೆ, ಪಕ್ಕದ ಉಕ್ರೇನ್‌ನಲ್ಲಿ ಯುದ್ಧ ನಡೆಯುತ್ತಿದ್ದರೂ ನಮ್ಮ ಹುಡುಗರನ್ನು ಕಳಿಸಿಲ್ಲ ಎಂಬ ಮಾತಿಗೆ ಅಲ್ಲಿ ತೂಕವಿದೆ. 2022ರ ಫೆಬ್ರುವರಿಯಲ್ಲಿ ರಷ್ಯಾದ ಪಡೆಗಳು ಕೀವ್ ಕಡೆಗೆ ನುಗ್ಗಿದ್ದು ಬೆಲಾರಸ್ ನೆಲದಿಂದಲೇ ಎಂಬುದನ್ನು ಅವರು ಎತ್ತುವುದಿಲ್ಲ. ರಾಜಕೀಯದ ಗೊಡವೆಗೆ ಹೋಗದವನಿಗೆ ತಿಂಗಳುಗಟ್ಟಲೆ ಏನೂ ಆಗುವುದಿಲ್ಲ.

ವ್ಯವಸ್ಥೆ ಇಷ್ಟು ಕಾಲ ನಿಂತಿರುವುದೂ ಅದರಿಂದಲೇ. ಎಲ್ಲರನ್ನೂ ಹಿಡಿಯುವಷ್ಟು ಪೊಲೀಸರು ಯಾವ ದೇಶದಲ್ಲೂ ಇಲ್ಲ. ಹಾಗೆ ಹಿಡಿಯಹೊರಟರೆ ಎಲ್ಲರೂ ಎದುರು ಬೀಳುತ್ತಾರೆ, 2020ರ ಆಗಸ್ಟ್‌ನಲ್ಲಿ ಆದಂತೆ. ನೂರು ಜನ ಒಂದೇ ಚಾನೆಲ್ ಓದುತ್ತಿದ್ದರೆ ಒಬ್ಬನನ್ನು ಹಿಡಿದು, ಕ್ಯಾಮೆರಾ ಮುಂದೆ ಕೂರಿಸಿ, "ನಾನು ಉಗ್ರವಾದಿ ಚಾನೆಲ್‌ಗೆ ಸೇರಿದ್ದೆ, ತಪ್ಪಾಯಿತು" ಎಂದು ಹೇಳಿಸಿ, ಆ ವಿಡಿಯೊವನ್ನು ಪೊಲೀಸರ ಪರವಾದ ಚಾನೆಲ್‌ನಲ್ಲಿ ಹಾಕಿದರೆ ಸಾಕು. ಉಳಿದ 99 ಮಂದಿ ರಾತ್ರೋರಾತ್ರಿ ತಾವೇ ಅಳಿಸುತ್ತಾರೆ. ಸರ್ಕಾರಕ್ಕೆ ಖರ್ಚಾದದ್ದು ಒಬ್ಬನ ಊಟ, ಹದಿನೈದು ಸುತ್ಕಿ.

2025ರ ಜನವರಿ 26ರಂದು ಮತ್ತೆ ಚುನಾವಣೆ ನಡೆದು ಲುಕಶೆಂಕೊ ಶೇ 86.82 ಮತ ಪಡೆದರು. 2020ರಲ್ಲಿ ಜನ ತಮ್ಮ ಮತಪತ್ರದ ಫೋಟೊ ತೆಗೆದು ಒಂದೆಡೆ ಕಳಿಸಿ ಲೆಕ್ಕ ಹೋಲಿಸಿದ್ದರು. ಈ ಬಾರಿ ಮತಪತ್ರದ ಫೋಟೊ ತೆಗೆಯುವುದೇ ನಿಷಿದ್ಧ. ವಿದೇಶದಲ್ಲಿ ಒಂದೂ ಮತಗಟ್ಟೆ ಇರಲಿಲ್ಲ. ಬೀದಿ ನಿಶ್ಶಬ್ದವಾಗಿತ್ತು.

ಪಾಸ್‌ಪೋರ್ಟ್ ಮತ್ತು ಪೊಟ್ಯಾಷ್

ಹೊರಗೆ ಹೋದವರು ಲಕ್ಷಗಟ್ಟಲೆ. ಹೆಚ್ಚಿನವರು ಪೋಲೆಂಡ್, ಲಿಥುವೇನಿಯಾ, ಜಾರ್ಜಿಯಾ ಸೇರಿದರು. ಅವರನ್ನು ಮುಟ್ಟುವ ದಾರಿ 2023ರ ಸೆಪ್ಟೆಂಬರ್‌ನಲ್ಲಿ ಸಿಕ್ಕಿತು. 278ನೇ ಆದೇಶದ ಪ್ರಕಾರ ಇನ್ನು ಮುಂದೆ ಯಾವ ರಾಯಭಾರ ಕಚೇರಿಯೂ ಬೆಲಾರಸ್ ನಾಗರಿಕರಿಗೆ ಹೊಸ ಪಾಸ್‌ಪೋರ್ಟ್ ಕೊಡುವುದಿಲ್ಲ, ಅವಧಿ ಮುಗಿದದ್ದನ್ನು ಬದಲಾಯಿಸುವುದಿಲ್ಲ. ಬೇಕಿದ್ದರೆ ದೇಶಕ್ಕೆ ಬನ್ನಿ. ಊರಿನಲ್ಲಿರುವ ಮನೆ, ಕಾರು ಮಾರಲು ಅಲ್ಲಿಂದಲೇ ಮುಖ್ತ್ಯಾರ್‌ನಾಮೆ ಮಾಡಿಕೊಡುವುದೂ ನಿಂತಿತು. ದುಬೈಯಲ್ಲೋ ಲಂಡನ್‌ನಲ್ಲೋ ಪಾಸ್‌ಪೋರ್ಟ್ ನವೀಕರಿಸಿಕೊಂಡ ಕನ್ನಡಿಗರಿಗೆ ಅಪಾಯಿಂಟ್‌ಮೆಂಟ್ ಸಿಗದ ಸಿಟ್ಟು ಗೊತ್ತಿರುತ್ತದೆ. ಇಲ್ಲಿ ಅಪಾಯಿಂಟ್‌ಮೆಂಟ್ ಇರುವುದು ಪೊಲೀಸರು ಕಾಯುತ್ತಿರುವ ಊರಿನಲ್ಲಿ.

ಪಾಸ್‌ಪೋರ್ಟಿನ ಮಾತು ಪೊಟ್ಯಾಷ್‌ಗೆ ತಿರುಗುತ್ತದೆ, ಆ ಮೂಲಕ ನಮ್ಮ ಹೊಲಗಳವರೆಗೂ ಬರುತ್ತದೆ. ಮಂಡ್ಯದ ಕಬ್ಬಿಗೆ, ತೀರ್ಥಹಳ್ಳಿಯ ಅಡಿಕೆಗೆ ಹಾಕುವ ಪೊಟ್ಯಾಷ್ ಗೊಬ್ಬರವನ್ನು ಭಾರತ ಹೊರಗಿನಿಂದಲೇ ತರಿಸಿಕೊಳ್ಳುತ್ತದೆ, ಕೊಡುವ ಮುಖ್ಯ ದೇಶಗಳಲ್ಲಿ ಬೆಲಾರಸ್ ಒಂದು. ಸೊಲಿಗೋರ್ಸ್ಕ್ ಎಂಬ ಊರಿನ ನೆಲದಾಳದ ಗಣಿಗಳಿಂದ ಅದು ಬರುತ್ತದೆ. ಗಣಿ ಸರ್ಕಾರದ್ದು, ಬರುವ ಡಾಲರ್ ಸರ್ಕಾರದ ಬೆನ್ನೆಲುಬು. 2020ರಲ್ಲಿ ಅಲ್ಲಿನ ಕಾರ್ಮಿಕರು ಮುಷ್ಕರ ಹೂಡಿದ್ದರು. ಒಬ್ಬ ಗಣಿಗಾರ ನೆಲದಡಿಯಲ್ಲೇ ತನಗೆ ತಾನೇ ಕೋಳ ಹಾಕಿಕೊಂಡು ಮೇಲೆ ಬರಲು ಒಪ್ಪಲಿಲ್ಲ. 2021ರಲ್ಲಿ ಅಮೆರಿಕ ಈ ಪೊಟ್ಯಾಷ್ ಮೇಲೆ ನಿರ್ಬಂಧ ಹಾಕಿತು, 2022ರ ಫೆಬ್ರುವರಿಯಿಂದ ಲಿಥುವೇನಿಯಾ ತನ್ನ ಬಂದರಿನ ದಾರಿ ಮುಚ್ಚಿತು.

2025ರಲ್ಲಿ ಅಮೆರಿಕದ ಜೊತೆ ಕೈದಿಗಳ ಚೌಕಾಸಿ ಶುರುವಾಯಿತು. ಜೂನ್‌ನಲ್ಲಿ ಸೆರ್ಗೆಯ್ ತಿಖಾನೋವ್ಸ್ಕಿ ಸೇರಿ 14 ಮಂದಿ ಹೊರಬಂದರು. ಸೆಪ್ಟೆಂಬರ್‌ನಲ್ಲಿ 52 ಮಂದಿ, ಬದಲಿಗೆ ಸರ್ಕಾರಿ ವಿಮಾನ ಸಂಸ್ಥೆಯ ಮೇಲಿನ ನಿರ್ಬಂಧ ಸಡಿಲ. ಡಿಸೆಂಬರ್ 13ರಂದು 123 ಮಂದಿ, ಬದಲಿಗೆ ಪೊಟ್ಯಾಷ್ ಮೇಲಿನ ನಿರ್ಬಂಧ ತೆರವು. ಅವರಲ್ಲಿ 2022ರ ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ಅಲೆಸ್ ಬಿಯಾಲಿಯಾಟ್ಸ್ಕಿ ಇದ್ದರು, ಬಬಾರಿಕೊ ಇದ್ದರು, ಮರಿಯಾ ಕೊಲೆಸ್ನಿಕೋವಾ ಇದ್ದರು. 2020ರಲ್ಲಿ ಬಲವಂತವಾಗಿ ಉಕ್ರೇನ್‌ಗೆ ದೂಡಲು ಬಂದಾಗ ಗಡಿಯಲ್ಲಿ ತನ್ನ ಪಾಸ್‌ಪೋರ್ಟನ್ನೇ ಹರಿದುಹಾಕಿ ಉಳಿದುಕೊಂಡು, 11 ವರ್ಷದ ಶಿಕ್ಷೆ ಪಡೆದ ಕೊಳಲುವಾದಕಿ ಆಕೆ. ಬಿಡುಗಡೆಯಾದವರನ್ನು ಕಂಡರೆ ಯಾರಿಗಾದರೂ ಸಂತೋಷವೇ. ಆದರೆ ಕೈದಿಗೆ ಬೆಲೆ ಬಂತೆಂದರೆ ಕೈದಿಗಳನ್ನು ಮಾಡುವುದೂ ಲಾಭದ ಕಸುಬಾಗುತ್ತದೆ. 2025ರ ಕೊನೆಗೂ ಸಾವಿರಕ್ಕೂ ಹೆಚ್ಚು ರಾಜಕೀಯ ಕೈದಿಗಳು ಒಳಗೇ ಇದ್ದರು, ಅತ್ತ ಹೊಸ ಬಂಧನಗಳೂ ನಡೆಯುತ್ತಲೇ ಇದ್ದವು.

ಹೊರಬಂದವರಲ್ಲಿ ಹೆಚ್ಚಿನವರನ್ನು ಮನೆಗೆ ಬಿಡಲಿಲ್ಲ. ಕಣ್ಣಿಗೆ ಬಟ್ಟೆ ಕಟ್ಟಿ ಬಸ್ಸಿನಲ್ಲಿ ಕೂರಿಸಿ ಗಡಿ ದಾಟಿಸಿದರು. ಸೆಪ್ಟೆಂಬರ್ 11ರಂದು ಲಿಥುವೇನಿಯಾ ಗಡಿ ತಲುಪಿದ ಬಸ್ಸಿನಲ್ಲಿ ಮಿಕೊಲಾ ಸ್ಟಾಟ್ಕೆವಿಚ್ ಇದ್ದರು, 69 ವರ್ಷ, ಹಳೆಯ ಸೇನಾಧಿಕಾರಿ, 2010ರಲ್ಲಿ ಅಧ್ಯಕ್ಷ ಸ್ಥಾನಕ್ಕೆ ನಿಂತು ಜೈಲು ಕಂಡವರು. ಅವರು ಬಸ್ಸಿನ ಬಾಗಿಲು ಒಡೆದು ಇಳಿದರು. ನನ್ನ ದೇಶ ಬಿಟ್ಟು ಹೋಗುವುದಿಲ್ಲ ಎಂದು ಎರಡು ಗಡಿಠಾಣೆಗಳ ನಡುವಿನ ಖಾಲಿ ಜಾಗದಲ್ಲಿ ಗಂಟೆಗಟ್ಟಲೆ ಒಬ್ಬರೇ ಕುಳಿತರು. ಕೊನೆಗೆ ಬೆಲಾರಸ್ ಕಡೆಯವರು ಬಂದು ವಾಪಸು ಕರೆದುಕೊಂಡು ಹೋಗಿ ಮತ್ತೆ ಜೈಲಿಗೆ ಹಾಕಿದರು.

ಬಸ್ಸಿನಲ್ಲಿ ಮುಂದೆ ಹೋದ ಅನೇಕರ ಕೈಯಲ್ಲಿ ಪಾಸ್‌ಪೋರ್ಟ್ ಇರಲಿಲ್ಲ, ಕಿತ್ತುಕೊಂಡಿದ್ದರು. ಹೊಸದು ಬೇಕಾದರೆ 278ನೇ ಆದೇಶದ ಪ್ರಕಾರ ಅವರು ಅರ್ಜಿ ಹಾಕಬೇಕಾದದ್ದು ತಮ್ಮ ಊರಿನ ಪೊಲೀಸ್ ಕಚೇರಿಯಲ್ಲಿ.